ಬೀದಿಯನ್ನೇ ರಂಗ ಮಾಡುವ ಹೆಜ್ಜೆಗಳು

ಹಗಲುವೇಷದವರಿಗೆ ರಂಗಮಂಚ ಎಂಬುದಿಲ್ಲ. ಪರದೆ ಇಲ್ಲ, ದೀಪ ಇಲ್ಲ, ಸೈಡ್‌ವಿಂಗ್ ಇಲ್ಲ. ಬೆಳಗಾಗುತ್ತಿದ್ದಂತೆ ಬಿಡಾರದಲ್ಲೇ ಮುಖಕ್ಕೆ ಬಣ್ಣ ಹಚ್ಚಿ, ಕಾಲಿಗೆ ಗೆಜ್ಜೆ ಕಟ್ಟಿ, ಹಾರ್ಮೋನಿಯಂ ಕೊರಳಿಗೂ ತಬಲಾ ನಡುವಿಗೂ ಬಿಗಿದುಕೊಂಡು ಊರೊಳಗೆ ಬರುತ್ತಾರೆ. ಸಂಡೂರಿನ ಪೇಟೆ ಬೀದಿಯಿರಲಿ, ದೋಣಿಮಲೈ ಟೌನ್‌ಶಿಪ್‌ನ ಅಂಗಡಿ ಸಾಲಿರಲಿ, ಕಂಪ್ಲಿಯ ಹಳೇ ಓಣಿಯಿರಲಿ, ಅಲ್ಲಿ ಅವರಿಗಾಗಿ ಯಾರೂ ಜಾಗ ಬಿಟ್ಟು ಕಾದಿರುವುದಿಲ್ಲ. ಬೈಕುಗಳು ಸಾಲಾಗಿ ನಿಂತಿರುತ್ತವೆ, ತರಕಾರಿ ಗಾಡಿ ಅಡ್ಡ ಇರುತ್ತದೆ, ಸೊಪ್ಪು ಕೊಳ್ಳುವವರು ಚೌಕಾಸಿಯಲ್ಲಿ ಮುಳುಗಿರುತ್ತಾರೆ. ಐದೇ ನಿಮಿಷದಲ್ಲಿ ಅದೇ ಬೀದಿ ರಂಗವಾಗಬೇಕು.

ಅದು ಹೇಗೆ ಆಗುತ್ತದೆಂಬುದನ್ನು ಗಮನವಿಟ್ಟು ನೋಡಬೇಕು. ಮೊದಲು ಮಾತಿಲ್ಲ. ವಾದ್ಯದವರು ಒಂದು ಗೋಡೆಯನ್ನೋ ಕಟ್ಟೆಯನ್ನೋ ಬೆನ್ನಿಗೆ ಹಾಕಿಕೊಂಡು ನಿಲ್ಲುತ್ತಾರೆ. ಅಲ್ಲಿಗೆ ಹಿಂಬದಿ ಯಾವುದು, ಮುಂಬದಿ ಯಾವುದು ಎಂಬುದು ತೀರ್ಮಾನವಾಯಿತು. ಭೀಮನೋ ರಾಕ್ಷಸನೋ, ದೊಡ್ಡ ವೇಷದವನು ಗದೆ ಹೆಗಲಿಗೇರಿಸಿ, ಗುಂಪುಗೂಡಿದ ಹುಡುಗರ ಕಡೆಗೇ ನೇರವಾಗಿ ನಡೆದು ಬರುತ್ತಾನೆ. ಹುಡುಗರು ಕಿರುಚುತ್ತ ಹಿಂದೆ ಸರಿಯುತ್ತಾರೆ. ಅವನು ತಿರುಗಿ ಇನ್ನೊಂದು ಬದಿಗೆ ನಡೆದರೆ ಅಲ್ಲಿಯ ಜನವೂ ಎರಡು ಹೆಜ್ಜೆ ಹಿಂದಾಗುತ್ತಾರೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ನಡುವೆ ದುಂಡನೆಯ ಬಯಲು ತೆರೆದುಕೊಂಡಿರುತ್ತದೆ. "ಜಾಗ ಬಿಡ್ರಿ, ಸರಿದು ನಿಂದ್ರಿ" ಎಂದು ಎಷ್ಟು ಕೂಗಿದ್ದರೂ ಅದರ ಅರ್ಧ ಜಾಗವೂ ಸಿಗುತ್ತಿರಲಿಲ್ಲ. ಗೆಜ್ಜೆ ಕಟ್ಟಿದ ಕಾಲು ಕೇಳಿದ್ದಕ್ಕೆ ಸಿಕ್ಕಿತು. ಆಮೇಲೆ ಶುರುವಾಗುವುದು ಮಾತು.

ಆ ಮಾತಿನಲ್ಲಿ ಬಹುಪಾಲು ಬರೆದಿಟ್ಟದ್ದಲ್ಲ. ಕಥೆ ಗೊತ್ತಿದೆ, ಹಾಡು ಗೊತ್ತಿದೆ, ವಂಶಪಾರಂಪರ್ಯವಾಗಿ ಬಂದ ಒಂದಷ್ಟು ಕಂಠಪಾಠವೂ ಇದೆ. ಉಳಿದದ್ದೆಲ್ಲ ಆ ಊರು, ಆ ಹೊತ್ತು, ಎದುರು ನಿಂತ ಮುಖ ನೋಡಿ ಹುಟ್ಟುವಂಥದ್ದು. ಚಹದಂಗಡಿಯವನ ಮುಂದೆ ವೇಷ ನಿಂತರೆ ಅಂಗಡಿಯವನು ಆ ಗಳಿಗೆಗೆ ಒಬ್ಬ ಪಾತ್ರಧಾರಿ. ಬಸ್ಸು ಬಂದು ಹಾರನ್ ಹೊಡೆದರೆ ಆ ಹಾರನ್ನಿಗೂ ಕಥೆಯಲ್ಲಿ ಒಂದು ಜಾಗ ಸಿಗುತ್ತದೆ. ಇವರು ಬುಡ್ಗ ಜಂಗಮ ಮೊದಲಾದ ಅಲೆಮಾರಿ ಸಮುದಾಯಗಳ ಜನ. ಒಂದೂರಿಗೆ ಬಂದರೆ ಕೆಲವು ದಿನ ಬಿಡಾರ ಹೂಡಿ, ದಿನಕ್ಕೊಂದು ವೇಷ ಕಟ್ಟಿ, ಕೊನೆಯ ದಿನ ಮನೆಮನೆಗೆ ಹೋಗಿ ಕಾಳು, ಕಾಸು, ಬಟ್ಟೆ ಪಡೆದು ಮುಂದಿನೂರಿಗೆ ಹೊರಡುವುದು ಇವರ ಪದ್ಧತಿ. ಅವರ ಬಡತನದ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ಅವರ ವಿದ್ಯೆಯ ಬಗ್ಗೆ ಬರೆದದ್ದು ಕಡಿಮೆ.

ಆಶುನಾಟಕ ಎಂದೊಡನೆ ನಮಗೆ ನೆನಪಾಗುವುದು ಚುರುಕಾದ ನಾಲಿಗೆ. ಅದಕ್ಕೆ ಕಾರಣವೂ ಇದೆ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಅಂದಂದಿನ ರಾಜಕೀಯವನ್ನು ಅಂದಂದೇ ಮಾತಿಗೆ ಇಳಿಸುತ್ತಿದ್ದುದನ್ನು ಕಂಡ ನಾಡು ಇದು. ಹಾಗಾಗಿ ಬರೆದಿಡದ ನಾಟಕವೆಂದರೆ ಮಾತಿನ ಮಲ್ಲರ ಕೆಲಸ ಎಂಬ ನಂಬಿಕೆ ಬೇರೂರಿದೆ. ಆದರೆ ಹಗಲುವೇಷ, ಬಯಲಾಟ, ಜೋಗತಿ ಕುಣಿತ ಇವನ್ನೆಲ್ಲ ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಬೇರೆಯೇ. ನಾಲಿಗೆಗೆ ಸ್ವಾತಂತ್ರ್ಯ ಕೊಡುವುದು ಕಾಲು. ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು, ಎದುರಿನವನಿಗೆ ಎಷ್ಟು ಜಾಗ ಬಿಡಬೇಕು ಎಂಬುದು ಮೈಗೆ ಹತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಅದು ಹತ್ತದಿದ್ದರೆ ಎಂಥ ವಾಚಾಳಿಯೂ ರಂಗದ ಮೇಲೆ ಕಂಬದಂತೆ ನಿಲ್ಲುತ್ತಾನೆ. ಮಾತು ಎಷ್ಟೇ ಬಿಡುಬೀಸಾಗಿರಲಿ, ಜಾಗದ ಲೆಕ್ಕ ಮಾತ್ರ ಕಟ್ಟುನಿಟ್ಟು.

ಬಳ್ಳಾರಿ ಸೀಮೆಯ ಬಯಲಾಟದಲ್ಲಿ, ಅಂದರೆ ದೊಡ್ಡಾಟದಲ್ಲಿ, ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಆಳೆತ್ತರಕ್ಕೆ ಅಟ್ಟ ಕಟ್ಟಿ, ಮೇಲೆ ಹಲಗೆ ಹಾಸುತ್ತಾರೆ. ಹಿಂಬದಿಗೆ ಭಾಗವತರು, ಮದ್ದಲೆ, ಮುಖವೀಣೆ, ತಾಳ. ಎಡಬಲಕ್ಕೆ ಪಾತ್ರಗಳು ಬಂದುಹೋಗುವ ದಾರಿ. ಇಬ್ಬರು ತೆರೆ ಹಿಡಿಯುತ್ತಾರೆ, ತೆರೆಯ ಹಿಂದೆ ಕಿರೀಟ, ಭುಜಕೀರ್ತಿ, ಎದೆಕಟ್ಟು ತೊಟ್ಟ ರಾಜನ ಹೆಜ್ಜೆ ಮೊದಲು ಕೇಳಿಸುತ್ತದೆ. ಹಲಗೆಯ ಮೇಲೆ ಬೀಳುವ ಆ ಹೆಜ್ಜೆಯ ಸದ್ದಿನಿಂದಲೇ ಬಂದವನು ರಾಜನೋ ರಾಕ್ಷಸನೋ ಎಂಬುದನ್ನು ಕೆಳಗೆ ಚಾಪೆ ಹಾಸಿ ಕೂತ ಮುದುಕರು ಹೇಳಿಬಿಡುತ್ತಾರೆ.

ಈ ಅಟ್ಟದ ಮೇಲೆ ಎಲ್ಲ ಪಾತ್ರಗಳಿಗೂ ಪದ್ಯವಿದೆ, ಕಲಿತ ಮಾತಿದೆ. ಸಾರಥಿಗೆ ಮಾತ್ರ ಬಹುಪಾಲು ಸ್ವಂತದ್ದು. ಬಂದ ರಾಜನನ್ನು ತಡೆದು "ತಾವು ಯಾರು, ಯಾವೂರು, ಬಂದ ಕಾರಣವೇನು" ಎಂದು ಕೇಳುವವನು ಅವನು. ಉತ್ತರ ಬಂದ ಮೇಲೆ ಅದನ್ನು ಊರ ಭಾಷೆಗೆ ಇಳಿಸಿ ನಗಿಸುವವನೂ ಅವನೇ. ಅವನ ನಡೆಯನ್ನು ನೋಡಿ. ರಾಜನಿಗೆ ನಡುಮಧ್ಯ ಬಿಟ್ಟು, ಅವನು ಸದಾ ಓರೆಗೆ ನಿಲ್ಲುತ್ತಾನೆ. ಪ್ರಶ್ನೆ ಕೇಳುವಾಗ ಒಂದು ಹೆಜ್ಜೆ ಒಳಗೆ ಬರುತ್ತಾನೆ, ಉತ್ತರ ಶುರುವಾದೊಡನೆ ಎರಡು ಹೆಜ್ಜೆ ಹೊರಗೆ ಹೋಗುತ್ತಾನೆ. ರಾಜ ಆರ್ಭಟಿಸಿದರೆ ಅಟ್ಟದ ಅಂಚಿನವರೆಗೂ ಓಡಿ, ಇನ್ನೇನು ಬಿದ್ದ ಎನ್ನುವಾಗ ನಿಂತು, ಅಲ್ಲಿಂದ ಪ್ರೇಕ್ಷಕರಿಗೆ ಒಂದು ಮಾತು ಒಗೆಯುತ್ತಾನೆ. ಅದೇ ಮಾತನ್ನು ರಾಜನ ಪಕ್ಕದಲ್ಲಿ ನಿಂತು ಆಡಿದರೆ ಯಾರೂ ನಗುವುದಿಲ್ಲ, ಅಧಿಕಪ್ರಸಂಗ ಎನಿಸುತ್ತದೆ. ಅಂಚಿನಲ್ಲಿ ನಿಂತವನು ಅರ್ಧ ಕಥೆಯೊಳಗಿನವನು, ಅರ್ಧ ನಮ್ಮೂರಿನವನು. ಆದ್ದರಿಂದಲೇ ಊರ ಗೌಡನ ಬಗ್ಗೆ, ಕೆಟ್ಟ ರಸ್ತೆಯ ಬಗ್ಗೆ, ಅದಿರು ಲಾರಿಗಳ ಕೆಂಪು ಧೂಳಿನ ಬಗ್ಗೆ ಅವನು ಅಲ್ಲಿಂದ ಏನು ಬೇಕಾದರೂ ಆಡಬಲ್ಲ. ಅಂಥ ಮಾತಿಗೆ ಅಪ್ಪಣೆ ಸಿಗುವುದು ಆ ಜಾಗದಿಂದ.

ಬಾಗಲಕೋಟೆ, ಬೆಳಗಾವಿ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ಮತ್ತು ದೂತಿಯ ನಡುವಿನ ಕೊಂಕು ಮಾತೂ ಇಂಥದೇ ಓಡಾಟದ ಮೇಲೆ ನಿಂತಿದೆ. ಒಂದು ಸುತ್ತು ಹಾಕಿದರೆ ಕೃಷ್ಣನ ಅರಮನೆ ಹೋಗಿ ಸತ್ಯಭಾಮೆಯ ಮನೆ ಬರುತ್ತದೆ. ಸುತ್ತು ಹಾಕಿ ಊರು ಬದಲಿಸುವ ಈ ಕ್ರಮ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರ ಇದಕ್ಕಾಗಿ ಕಕ್ಷ್ಯಾವಿಭಾಗ ಎಂಬ ಭಾಗವನ್ನೇ ಇಟ್ಟಿದೆ. ರಂಗವನ್ನು ಮನೆ, ನಗರ, ಕಾಡು, ಬೆಟ್ಟ ಎಂದು ಹಂಚಿಕೊಳ್ಳುವುದು, ನಡೆದು ಒಂದರಿಂದ ಇನ್ನೊಂದಕ್ಕೆ ಹೋಗುವುದು, ಮೊದಲು ಬಂದವರನ್ನು ಒಳಗಿನವರೆಂದೂ ಆಮೇಲೆ ಬಂದವರನ್ನು ಹೊರಗಿನವರೆಂದೂ ತಿಳಿಯುವುದು ಇವೆಲ್ಲ ಅಲ್ಲಿ ಹೇಳಿದ ನಿಯಮಗಳು. ಸಂಸ್ಕೃತದ ಆ ಗ್ರಂಥವನ್ನು ಕಣ್ಣಲ್ಲೂ ಕಾಣದ ಹಗಲುವೇಷದವನು ಅದನ್ನೇ ಬೀದಿಯಲ್ಲಿ ಮಾಡುತ್ತಿರುತ್ತಾನೆ. ಮೊದಲು ಬಂದ ಬೀದಿಯ ಜನ ಲಂಕೆಯವರು, ಆಮೇಲೆ ನೆಗೆದು ಬಂದ ಹನುಮಂತ ಹೊರಗಿನವನು.

ಹಂಪಿಗೆ ಬಂದರೆ ಇನ್ನೊಂದು ಅಪರೂಪದ ಸಾಕ್ಷಿ ಸಿಗುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಮನೆಯೊಳಗಿನ ನೃತ್ಯಶಾಲೆಯೊಂದನ್ನು ವರ್ಣಿಸಿದ್ದಾನೆ. ಅಂತಃಪುರದ ಹೆಂಗಸರು ಕುಣಿತ ಕಲಿಯುತ್ತಿದ್ದ ಉದ್ದನೆಯ ಮನೆ ಅದು. ಅಲ್ಲಿಯ ಫಲಕಗಳಲ್ಲಿ ನರ್ತಕಿಯರ ಕೆತ್ತನೆಗಳಿದ್ದವು. ಪಾಯಸ್ ಗಮನಿಸಿದ ಸಂಗತಿ ಏನೆಂದರೆ, ಒಂದೊಂದು ಫಲಕವೂ ತೋರಿಸುತ್ತಿದ್ದುದು ಒಂದೊಂದು ಕುಣಿತದ ಕೊನೆಯ ಭಂಗಿಯನ್ನು. ಕುಣಿತ ಮುಗಿದಾಗ ಹೇಗೆ ನಿಲ್ಲಬೇಕೆಂಬುದನ್ನು ಮರೆತವರು ಆ ಫಲಕ ನೋಡಿ ನೆನಪು ಮಾಡಿಕೊಳ್ಳಬಹುದಿತ್ತು. ಆ ಮನೆಯ ಒಂದು ತುದಿಯಲ್ಲಿ ಕೈಯಿಂದ ಹಿಡಿದು ಜೋತು, ಮೈಯನ್ನೂ ಕಾಲನ್ನೂ ಎಳೆದು ಸಡಿಲಗೊಳಿಸಿಕೊಳ್ಳುವ ಒಂದು ತಾಣವೂ ಇತ್ತಂತೆ.

ಈ ವರ್ಣನೆಯನ್ನು ನಾನು ಓದಿಕೊಳ್ಳುವ ರೀತಿ ಹೀಗೆ. ಶಾಲೆಯ ಗೋಡೆಯ ಮೇಲೆ ಇಡೀ ಕುಣಿತವನ್ನು ಕೆತ್ತಿಸುವ ಗೋಜಿಗೆ ಅವರು ಹೋಗಲಿಲ್ಲ. ಎಲ್ಲಿಗೆ ತಲುಪಬೇಕು ಎಂಬುದನ್ನು ಕಲ್ಲಿನಲ್ಲಿ ನಿಲ್ಲಿಸಿದರು, ತಲುಪುವ ದಾರಿಯನ್ನು ಗುರುವಿಗೂ ಮೈಗೂ ಬಿಟ್ಟರು. ಕೊನೆಯ ಭಂಗಿ ಗೊತ್ತಿರುವವಳು ನಡುವೆ ತಪ್ಪಿದರೂ ಗಾಬರಿಯಾಗುವುದಿಲ್ಲ. ಆಶುನಾಟಕ ಆಡುವವರಿಗೆ ಬೇಕಾದದ್ದೂ ಇದೇ. ದೃಶ್ಯ ಎಲ್ಲಿ ಮುಗಿಯಬೇಕು, ಆಗ ಯಾರು ನಡುವೆ, ಯಾರು ಅಂಚಿನಲ್ಲಿ ಇರಬೇಕು ಎಂಬುದಷ್ಟು ಗೊತ್ತಿದ್ದರೆ ನಡುವಿನ ಮಾತನ್ನು ಧೈರ್ಯವಾಗಿ ಹುಟ್ಟಿಸಬಹುದು. ಇಟಲಿಯ ಕೊಮೆದಿಯಾ ದೆಲ್ಲಾರ್ತೆ ತಂಡಗಳು ಇದನ್ನೇ ಮಾಡುತ್ತಿದ್ದವು. ಅವರ ಬಳಿ ಇದ್ದುದು ಯಾರು ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ ಎಂಬ ಕಥೆಯ ಹಂದರ ಮಾತ್ರ. ಮಾತು ನಟರದ್ದು.

ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಿಮದವರು ಇದನ್ನು ಶಾಸ್ತ್ರ ಮಾಡಿದರು. ಅಮೆರಿಕದ ವಯೋಲಾ ಸ್ಪೋಲಿನ್ ಮಕ್ಕಳ ಆಟಗಳಿಂದ ನಟನೆಯ ಪಾಠ ಕಟ್ಟಿ 1963ರಲ್ಲಿ ಪುಸ್ತಕ ಮಾಡಿದರು. ಇಲ್ಲದ ಬಾಗಿಲನ್ನು ತೆರೆದು, ಇಲ್ಲದ ಮೇಜನ್ನು ಸುತ್ತಿ ನಡೆದು, ಜಾಗವನ್ನು ಮೈಯಿಂದಲೇ ತೋರಿಸುವ ಆಟಗಳು ಅವರ ಪದ್ಧತಿಯ ಜೀವಾಳ. ಕೀತ್ ಜಾನ್‌ಸ್ಟನ್ 1979ರಲ್ಲಿ ಹೊರತಂದ ಪುಸ್ತಕದಲ್ಲಿ ಮೇಲು ಕೀಳಿನ ಆಟದ ಬಗ್ಗೆ ಬರೆದರು. ತಲೆ ಅಲುಗಿಸದೆ ಮಾತಾಡುವವನು, ನಿಧಾನವಾಗಿ ನಡೆದು ಹೆಚ್ಚು ಜಾಗ ತೆಗೆದುಕೊಳ್ಳುವವನು ದೊಡ್ಡವನಾಗಿ ಕಾಣುತ್ತಾನೆ. ಮೈ ಕುಗ್ಗಿಸಿ, ಮುಖ ಮುಟ್ಟಿಕೊಳ್ಳುತ್ತ, ಬೇಗ ಬೇಗ ಸರಿಯುವವನು ಸಣ್ಣವನಾಗುತ್ತಾನೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಅಟ್ಟದ ಮೇಲಿನ ರಾಜ ಮತ್ತು ಸಾರಥಿ. ಜಾನ್‌ಸ್ಟನ್ ಹೇಳಿದ್ದು ಸರಿ, ಒಳ್ಳೆಯ ಪುಸ್ತಕ. ಆದರೆ ಅದನ್ನು ಕಲಿಯಲು ಹೊಸಪೇಟೆಯ ಹುಡುಗ ಹೊರದೇಶದ ವಿಡಿಯೊ ನೋಡಬೇಕಾಗಿ ಬಂದಿದೆಯೆಂದರೆ ಅದು ನಾವೆಲ್ಲ ಯೋಚಿಸಬೇಕಾದ ವಿಷಯ.

ಜೋಗತಿ ಕುಣಿತವನ್ನು ನಾಟಕದ ಲೆಕ್ಕಕ್ಕೆ ಸೇರಿಸದವರು ಇದ್ದಾರೆ. ನಾನು ಸೇರಿಸುತ್ತೇನೆ. ತಲೆಯ ಮೇಲೆ ಯಲ್ಲಮ್ಮನ ಕೊಡ ಹೊತ್ತು, ಚೌಡಿಕೆಯ ದನಿಗೆ ಕುಣಿಯುತ್ತ, ಬಾಗಿ ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತಿಕೊಳ್ಳುವಾಗ ಕೊಡ ಅಲುಗುವುದಿಲ್ಲ. ಯಾರು ಎಲ್ಲಿ ನೋಟು ಇಡುತ್ತಾರೆ ಎಂಬುದು ಮೊದಲೇ ಗೊತ್ತಿರುವುದಿಲ್ಲ, ಅಲ್ಲಿಗೆ ಕುಣಿಯುತ್ತಲೇ ಹೋಗಬೇಕು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಿಂದ ಬಂದು, ಹೊಸಪೇಟೆ ಹತ್ತಿರದ ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿಯವರ ತಂಡ ಸೇರಿ ಬೆಳೆದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದಾಗ ಅವರು ಮಾಡಿದ್ದನ್ನು ದೇಶವೆಲ್ಲ ನೋಡಿತು. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಎದುರು ನಿಂತು, ಸೆರಗಿನಿಂದ ಅವರಿಗೆ ದೃಷ್ಟಿ ನಿವಾಳಿಸಿದರು. ದರ್ಬಾರ್ ಹಾಲಿನಲ್ಲಿ ಎಷ್ಟು ಹೆಜ್ಜೆ ನಡೆಯಬೇಕು, ಎಲ್ಲಿ ನಿಲ್ಲಬೇಕು, ಹೇಗೆ ವಂದಿಸಬೇಕು ಎಂಬುದೆಲ್ಲ ಗೊತ್ತುಪಡಿಸಿದ ಕ್ರಮ. ಆ ಬಿಗಿ ಕ್ರಮದ ನಡುವೆ ಒಂದೇ ಚಲನೆಯಿಂದ ಅವರು ಆ ಜಾಗವನ್ನು ತಮ್ಮ ಮನೆಯಂಗಳ ಮಾಡಿಕೊಂಡರು. ಒಂದು ಮಾತೂ ಬೇಕಾಗಲಿಲ್ಲ.

ಮಾತಷ್ಟೇ ಉಳಿದ ಆಶುಕಲೆಯೂ ನಮ್ಮಲ್ಲಿ ಇಲ್ಲವೆಂದಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತೇ ವಾದ ಮಾಡುತ್ತಾರೆ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕುಳಿತಲ್ಲಿಂದಲೇ ಕುರುಕ್ಷೇತ್ರ ಕಟ್ಟಿದರು. ಆದರೆ ಅದಕ್ಕೆ ಬೇಕಾದ ಪಾಂಡಿತ್ಯ ಎಂಥದ್ದು ಎಂಬುದನ್ನೂ ನೆನೆಯಬೇಕು. ಪುರಾಣ, ತರ್ಕ, ವ್ಯಾಕರಣಗಳಲ್ಲಿ ದಶಕಗಳ ಕಾಲ ಪಳಗಿದ ನಾಲಿಗೆ ಅದು. ಕಾಲಿನ ಆಸರೆಯಿಲ್ಲದೆ ಮಾತೊಂದೇ ನಿಲ್ಲಬೇಕಾದರೆ ಅಷ್ಟು ತೂಕ ಬೇಕು. ಬೇಸಿಗೆ ಶಿಬಿರಕ್ಕೆ ಬಂದ ಎಂಟನೇ ತರಗತಿ ಹುಡುಗಿಯನ್ನು ನಿಲ್ಲಿಸಿ, ವಿಷಯ ಕೊಟ್ಟು "ಏನಾದ್ರೂ ಮಾತಾಡು" ಎಂದರೆ ಅವಳು ಎಲ್ಲಿಂದ ತರಬೇಕು?

ದೋಣಿಮಲೈನಂಥ ಊರಿನಲ್ಲಿ ಕಾಲಿನ ಈ ಆಸರೆ ಇನ್ನೂ ಮುಖ್ಯ. ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಅಲ್ಲಿ 1977ರಲ್ಲಿ ಶುರುವಾಯಿತು, ಗಣಿಗಾಗಿ ಟೌನ್‌ಶಿಪ್ ಎದ್ದಿತು, ಬೇರೆ ಬೇರೆ ರಾಜ್ಯಗಳ ಕುಟುಂಬಗಳು ಬಂದು ನೆಲೆಸಿದವು. ಮನೆಯಲ್ಲಿ ತೆಲುಗು, ಹಿಂದಿ, ಉರ್ದು, ಲಂಬಾಣಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಕಡೆ ಮಾತಿನಿಂದ ನಾಟಕ ಶುರು ಮಾಡಿದರೆ ಅರ್ಧ ಮಕ್ಕಳು ಮೊದಲ ದಿನವೇ ಹಿಂದೆ ಸರಿಯುತ್ತಾರೆ. ಹೆಜ್ಜೆಯಿಂದ ಶುರು ಮಾಡಿದರೆ ಎಲ್ಲರೂ ಸಮ.

ಹೆಜ್ಜೆಯಿಂದ ಶುರು ಮಾಡುವುದೆಂದರೆ ದೊಡ್ಡ ಸಿದ್ಧತೆಯೇನೂ ಬೇಡ. ಮಕ್ಕಳನ್ನು ಮೈದಾನದಲ್ಲಿ ಬಿಟ್ಟು, ಎಲ್ಲೂ ಖಾಲಿ ಉಳಿಯದಂತೆ ನಡೆಯಲು ಹೇಳಿ. ಗುಂಪಾದ ಕಡೆ ಬಿಟ್ಟು ಖಾಲಿಯಾದ ಕಡೆ ಹೋಗಬೇಕು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ನೆಲ ಬಿಟ್ಟು ಉಳಿದವರನ್ನು ನೋಡಲು ಕಲಿಯುತ್ತದೆ. ಆಮೇಲೆ ಒಬ್ಬಳನ್ನು ನಡುವೆ ನಿಲ್ಲಿಸಿ, ಇನ್ನೊಬ್ಬನನ್ನು ದೂರದಿಂದ ಬರಲು ಹೇಳಿ. ಮಾತಾಡಬಾರದು. ಅವನು ಸಾಲ ಕೇಳಲು ಬಂದವನೋ, ಸಾಲ ವಸೂಲಿಗೆ ಬಂದವನೋ? ಎಷ್ಟು ದೂರದಲ್ಲಿ ನಿಂತ, ನೇರ ಬಂದನೋ ಸುತ್ತಿ ಬಂದನೋ, ಅವನು ಬಂದಾಗ ಅವಳು ಮೈ ತಿರುಗಿಸಿದಳೋ ಇಲ್ಲವೋ, ಇಷ್ಟರಿಂದಲೇ ನೋಡುವ ಮಕ್ಕಳು ಕಥೆ ಹೇಳಿಬಿಡುತ್ತಾರೆ. ಈಗ ಅವರಿಬ್ಬರಿಗೆ ಒಂದೊಂದು ಮಾತು ಆಡಲು ಬಿಡಿ. ಮೊದಲು ಬಾಯಿ ಬಿಡದಿದ್ದ ಮಗುವೂ ಆಡುತ್ತದೆ, ಏಕೆಂದರೆ ಏನು ಹೇಳಬೇಕೆಂಬುದು ಅದರ ಮೈಗೆ ಆಗಲೇ ಗೊತ್ತಾಗಿರುತ್ತದೆ.

ನಮ್ಮ ಊರಿನ ಆಟಗಳಿಗೇ ಈ ವಿದ್ಯೆ ಈಗ ಕೈತಪ್ಪುತ್ತಿದೆ. ಅದಕ್ಕೆ ನಾನು ಕಂಡ ದೊಡ್ಡ ಕಾರಣ ಟಿವಿ ಅಲ್ಲ, ಮೊಬೈಲ್ ಅಲ್ಲ, ನೇತು ಹಾಕಿದ ಮೈಕು. ಈಗಿನ ಬಯಲಾಟ, ಸಾಮಾಜಿಕ ನಾಟಕ ಯಾವುದನ್ನೇ ನೋಡಿ, ಅಟ್ಟದ ಮುಂಭಾಗದಲ್ಲಿ ಮೂರೋ ನಾಲ್ಕೋ ಮೈಕು ಸಾಲಾಗಿ ಜೋತಿರುತ್ತವೆ. ರಾಜ ಬಂದು ಒಂದು ಮೈಕಿನ ಕೆಳಗೆ ನಿಲ್ಲುತ್ತಾನೆ, ಮಂತ್ರಿ ಇನ್ನೊಂದರ ಕೆಳಗೆ, ಸಾರಥಿ ಮತ್ತೊಂದರ ಕೆಳಗೆ. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಜನರ ಕಡೆ ತಿರುಗಿ ಮಾತಾಡುತ್ತಾರೆ. ಅಂಚಿಗೆ ಓಡಿದರೆ ದನಿ ಕೇಳುವುದಿಲ್ಲ, ಆದ್ದರಿಂದ ಸಾರಥಿ ಓಡುವುದಿಲ್ಲ. ಓಡದ ಸಾರಥಿಗೆ ಹೊಸ ಮಾತು ಹುಟ್ಟುವುದಿಲ್ಲ, ಆದ್ದರಿಂದ ಸಿನಿಮಾದ ಹಳೆ ಜೋಕು ಹೇಳುತ್ತಾನೆ. ಜನ ಆಟ ಕೆಟ್ಟಿತು ಎನ್ನುತ್ತಾರೆ. ಆಟಗಾರನಿಗಿಂತ ಮೊದಲು ಕೆಟ್ಟದ್ದು ಅವನು ನಿಲ್ಲುವ ಜಾಗ.

ಹಗಲುವೇಷಕ್ಕೆ ಬಂದಿರುವ ಕುತ್ತು ಬೇರೆ ಬಗೆಯದು. ಉತ್ಸವಗಳ ಮೆರವಣಿಗೆಗೆ ಅವರನ್ನು ಕರೆಸುತ್ತಾರೆ, ಗೌರವಧನವೂ ಸಿಗುತ್ತದೆ, ಅದು ಬೇಕು. ಆದರೆ ಮೆರವಣಿಗೆ ನಿಲ್ಲುವುದಿಲ್ಲ. ಹಿಂದಿನ ತಂಡ ತಳ್ಳುತ್ತಿರುತ್ತದೆ, ಮುಂದಿನ ತಂಡ ಸಾಗುತ್ತಿರುತ್ತದೆ. ದುಂಡು ಕಟ್ಟಲು ಅವಕಾಶವಿಲ್ಲದ ಕಡೆ ವೇಷದವನು ಕ್ಯಾಮೆರಾ ಮುಂದೆ ಗದೆ ಎತ್ತಿ ನಿಲ್ಲುವ ಚಿತ್ರವಾಗುತ್ತಾನೆ. ಬಣ್ಣ ಉಳಿದು ಆಟ ಹೋಗುತ್ತದೆ.

ಬೀದಿಯ ಬಲ ಗೊತ್ತಿದ್ದ ಆಧುನಿಕ ರಂಗಕರ್ಮಿಗಳೂ ನಮ್ಮಲ್ಲಿದ್ದರು. 1975ರಲ್ಲಿ ಹುಟ್ಟಿದ 'ಸಮುದಾಯ' ಸಂಘಟನೆ ಬೀದಿ ನಾಟಕಗಳನ್ನು ಹಳ್ಳಿ ಹಳ್ಳಿಗೆ ಒಯ್ದಿತು. ಸಿಜಿಕೆ ನಿರ್ದೇಶಿಸಿದ 'ಬೆಲ್ಚಿ'ಯಲ್ಲಿ ನಟರ ಮೈಯೇ ಗೋಡೆ, ಮೈಯೇ ಬೆಂಕಿ. ಸುತ್ತಲೂ ಜನ ನಿಂತಾಗ ನಟನಿಗೆ ಬೆನ್ನು ಎಂಬುದಿರುವುದಿಲ್ಲ, ಬೆನ್ನೂ ನಟಿಸಬೇಕು ಎಂಬ ಪಾಠವನ್ನು ಆ ಪೀಳಿಗೆ ಬೀದಿಯಲ್ಲೇ ಕಲಿಯಿತು. ಅವರಲ್ಲಿ ಎಷ್ಟೋ ಜನ ಜಾನಪದ ಆಟಗಳನ್ನು ರಾತ್ರಿಯೆಲ್ಲ ಕೂತು ನೋಡಿದವರು.

ಆದ್ದರಿಂದ ಎರಡು ಮಾತು ಕೇಳಿಕೊಳ್ಳುತ್ತೇನೆ. ಬಯಲಾಟ ಆಡಿಸುವ ಊರವರಲ್ಲಿ: ಮೈಕಿನವರಿಗೆ ಮುಂಗಡ ಕೊಡುವಾಗಲೇ ಹೇಳಿ, ನೇತು ಮೈಕು ಬೇಡ. ಕೊರಳಿಗೆ ಸಿಕ್ಕಿಸುವ ಮೈಕು ಈಗ ಬಾಡಿಗೆಗೆ ಸಿಗುತ್ತದೆ. ಅದೂ ಆಗದಿದ್ದರೆ ಹಿಮ್ಮೇಳಕ್ಕೆ ಮಾತ್ರ ಮೈಕಿಟ್ಟು, ಸಾರಥಿಯನ್ನು ಅವನ ಗಂಟಲಿಗೂ ಕಾಲಿಗೂ ಬಿಡಿ. ಸಂಡೂರು, ಹೊಸಪೇಟೆ, ಕಂಪ್ಲಿಯ ಶಾಲೆಗಳಲ್ಲಿ ಬೇಸಿಗೆ ಶಿಬಿರ ನಡೆಸುವ ಮೇಷ್ಟರುಗಳಲ್ಲಿ: ನಿಮ್ಮೂರಿಗೆ ಹಗಲುವೇಷದವರು ಬಂದಾಗ ಅವರನ್ನು ಶಾಲೆಯ ಮೈದಾನಕ್ಕೆ ಕರೆಸಿ. ಸನ್ಮಾನ, ಭಾಷಣ ಇಟ್ಟುಕೊಳ್ಳಬೇಡಿ. ಮಕ್ಕಳನ್ನು ಗುಂಪಾಗಿ ನಿಲ್ಲಿಸಿ, ಅವರು ದುಂಡು ಕಟ್ಟುವುದನ್ನು ತೋರಿಸಿ, ಆಮೇಲೆ ಮಕ್ಕಳೂ ಕಟ್ಟಲಿ. ಆ ಹೊತ್ತಿನ ಪಾಠಕ್ಕೆ ಕಲಿಸುವವರಿಗೆ ಕೊಡುವಷ್ಟೇ ಸಂಭಾವನೆಯನ್ನು ಅವರ ಕೈಗೆ ಕೊಡಿ.